ಮೀಸೆಗೆ ಬಿದ್ದ ಓಟು

ಮೇಷ್ಟ್ರ ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆಯ ತುಂಬ ಇನ್ನೂ ನೊರೆ. ಅಷ್ಟರಲ್ಲಿ ಶತ್ರುಸೇನೆ ಶರಣಾಯಿತೆಂದು ರೇಡಿಯೋ ಸಾರಿತು. ಮೇಷ್ಟ್ರು ಕೊರಳಿಗೆ ಕಟ್ಟಿದ್ದ ಬಿಳಿ ಬಟ್ಟೆಯ ಸಮೇತ ಕುರ್ಚಿಯಿಂದ ಚಂಗನೆ ಎದ್ದರು. ಕ್ಷೌರಿಕ ಕತ್ತಿಯನ್ನು ಸರಕ್ಕನೆ ಹಿಂದಕ್ಕೆಳೆದುಕೊಳ್ಳದಿದ್ದರೆ ಯುದ್ಧದ ಕೊನೆಯ ಗಾಯ ಅವರದೇ ಆಗುತ್ತಿತ್ತು.

"ಗೆದ್ವಿ! ನೀನು ಬಯ್ದ ಹತ್ತು ಬಾಯಿನ ದೇಶ ಗೆದ್ತು!" ಎಂದು ಕೂಗಿ, ಮೇಷ್ಟ್ರು ಖಾಲಿ ಕುರ್ಚಿಯನ್ನು ತಟ್ಟಿದರು. "ಬಾ ಮೀಸೆಮಾಮ, ಈಗ ನೀನು ಕೂತ್ಕೋ."

ಬೀದಿಗೆಲ್ಲ ಆ ಕ್ಷೌರಿಕ ಮೀಸೆಮಾಮ. ಮೀಸೆ ಎಂದರೆ ಅಂತಿಂಥ ಮೀಸೆಯಲ್ಲ. ಮದುವೆಗೆ ಮೊದಲೇ ಬಿಟ್ಟು, ಮೇಣ ಸವರಿ, ದಿನಾ ಬೆಳಿಗ್ಗೆ ಮೊದಲ ಗಿರಾಕಿ ಬರುವ ಮುನ್ನ ತಿರುವಿ ನಿಲ್ಲಿಸುತ್ತಿದ್ದ ಮೀಸೆ. ಅದನ್ನು ಅವನು ಮೇಷ್ಟ್ರೆದುರು ಪಣಕ್ಕಿಟ್ಟದ್ದು ಚಳಿಗಾಲದಲ್ಲಿ. ಗಡಿಯಲ್ಲಿ ನಮ್ಮ ಹುಡುಗರ ಬೂಟು ಬಾಯಿಬಿಟ್ಟು ಕಾಲು ಮರಗಟ್ಟುತ್ತಿದ್ದವು. ಪತ್ರಿಕೆಗಳು ಸರ್ಕಾರಕ್ಕೆ ಉಗಿದವು, ತಾಯಂದಿರು ರಾಜಧಾನಿಯ ಬೀದಿಯಲ್ಲಿ ಕೂತರು. ಯುದ್ಧದ ನಡುವೆಯೇ ಚುನಾವಣೆ ನಡೆದು, ಜನ ಯುದ್ಧಮಂತ್ರಿಯನ್ನೇ ಸೋಲಿಸಿ ಮನೆಗೆ ಕಳಿಸಿದರು. ಮೀಸೆಮಾಮನಿಗೆ ಮೈಯೆಲ್ಲ ಉರಿದುಹೋಗಿತ್ತು.

"ಮನೆಗೆ ಬೆಂಕಿ ಬಿದ್ದಾಗ ನೀರು ಯಾರು ತರಬೇಕು ಅಂತ ಸಭೆ ಸೇರ್ತಾರೇನ್ರಿ? ಆ ಕಡೆ ನೋಡಿ, ರಾಜ ಬೆರಳು ತೋರಿಸಿದ್ರೆ ಸಾಕು, ಸೈನ್ಯ ನಡೀತದೆ. ಇಲ್ಲಿ ಹತ್ತು ಬಾಯಿ, ಹತ್ತು ಮಾತು. ಈ ಹತ್ತು ಬಾಯಿನ ದೇಶ ಗೆದ್ರೆ ನಾನು ಮೀಸೆ ಬೋಳಿಸ್ಕೋತೀನಿ!"

ಅಷ್ಟು ಸಿಟ್ಟಿಗೆ ಕಾರಣ ಬೇರೆ ಇತ್ತು. ಅವನ ಒಬ್ಬನೇ ಮಗ ಆ ಹಿಮದಲ್ಲಿದ್ದ. ಯಾರೋ ಒಬ್ಬ ಗಟ್ಟಿಗ ಲಗಾಮು ಹಿಡಿದು ಬೇಗ ಯುದ್ಧ ಮುಗಿಸಿದರೆ ಮಗ ಬೇಗ ಮನೆ ಸೇರುತ್ತಾನೆ ಎಂಬುದಷ್ಟೇ ಅವನ ರಾಜನೀತಿ. ಹೆಂಡತಿಗೆ ಅದು ಗೊತ್ತಿತ್ತು.

ಈಗ ಅಂಗಡಿ ತುಂಬಿಹೋಯಿತು. ಪಕ್ಕದ ದರ್ಜಿ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಓಡಿಬಂದ, ಹಾಲಿನವಳು ಕ್ಯಾನು ಹೊರಗಿಟ್ಟು ಒಳನುಗ್ಗಿದಳು. ಮೇಷ್ಟ್ರು ರೇಡಿಯೋ ಹೇಳಿದ್ದನ್ನು ಉಪ್ಪುಖಾರ ಹಚ್ಚಿ ಹೇಳತೊಡಗಿದರು.

"ಅವರ ಸೈನ್ಯಕ್ಕೆ ಊಟ ಮುಗಿದು ಎಷ್ಟೋ ದಿನ ಆಗಿತ್ತಂತೆ ಕಣ್ರಪ್ಪಾ. ಹೇಳೋರು ಯಾರು? ಕೆಟ್ಟ ಸುದ್ದಿ ತಂದವನನ್ನ ರಾಜ ಜೈಲಿಗೆ ಹಾಕ್ತಿದ್ದ. ಕೆಳಗಿನವನು ಮೇಲಿನವನಿಗೆ 'ಎಲ್ಲಾ ಸೊಗಸಾಗಿದೆ' ಅಂದ, ಅವನು ಅವನ ಮೇಲಿನವನಿಗೆ ಅಂದ. ಗಡೀಲಿ ಅವರ ಸೈನಿಕರು ಹಸಿದು ಬಂದೂಕು ಕೆಳಗಿಡ್ತಾ ಇದ್ರೆ, ಅಲ್ಲಿ ಅರಮನೇಲಿ ವಿಜಯದ ಮೆರವಣಿಗೆಗೆ ಕುದುರೆ ತೊಳೀತಿದ್ರಂತೆ!"

ಎಲ್ಲರೂ ಬಿದ್ದುಬಿದ್ದು ನಕ್ಕರು. ಮೀಸೆಮಾಮನೂ ನಕ್ಕ, ಮೀಸೆ ಮುಟ್ಟಿಕೊಂಡ, ನಗು ಅಲ್ಲೇ ನಿಂತಿತು. "ಹೊಸ ಬೂಟು ಬಂದವು ಅಪ್ಪ, ಕಾಲು ಬೆಚ್ಚಗಿದೆ" ಎಂದು ಚುನಾವಣೆಯ ನಂತರ ಮಗ ಬರೆದ ಮೇಲೆ ಒಂದು ಸುದ್ದಿಯೂ ಇರಲಿಲ್ಲ. ಆಮೇಲೆಯೇ ದೊಡ್ಡ ಕಾಳಗ ನಡೆದಿತ್ತು.

"ಮಗ ಬರ್ಲಿ," ಎಂದ. "ಅವನ ಎದುರಿಗೇ ತೆಗೀತೀನಿ."

ಮೇಷ್ಟ್ರು ಕೊರಳ ಬಟ್ಟೆ ಸರಿಮಾಡಿಕೊಂಡು, "ಓಟಿಗೆ ಹಾಕೋಣ" ಎಂದರು.

"ನನ್ನ ಮುಖದ ಮೇಲೆ ನಿಮ್ಮ ಓಟೇನ್ರಿ?"

"ಪಣ ಇಟ್ಟ ದಿನವೇ ನಿನ್ನ ಮೀಸೆ ಬೀದಿ ಆಸ್ತಿ ಆಯ್ತಪ್ಪ. ಮಗ ಬರೋತನಕ ಕಾಯೋಣ ಅನ್ನೋರು ಕೈಯೆತ್ತಿ."

ಎಲ್ಲರ ಕೈಯೂ ಮೇಲೆ ಹೋಯಿತು. ಪಣ ಗೆದ್ದ ಮೇಷ್ಟ್ರದೇ ಎಲ್ಲಕ್ಕಿಂತ ಮೇಲಿತ್ತು. ಮೀಸೆಮಾಮನ ಕಣ್ಣು ತುಂಬಿಬಂತು.

"ನನ್ನ ಓಟು ಬೇಡ್ವಾ?"

ಒಳಬಾಗಿಲಲ್ಲಿ ಅವನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ಇವತ್ತೇ ತೆಗೀಬೇಕು. ಈಗಲೇ."

"ನಾಲ್ಕು ದಿನ ಕಾಯೋಣ ಅಕ್ಕಾ" ಎಂದ ದರ್ಜಿ.

"ಯಾತಕ್ಕೆ ಕಾಯೋದು? ಅವನು ಬರದೇ ಹೋದ್ರೆ ಅನ್ನೋ ಭಯ ತಾನೇ ನಿಮಗೆಲ್ಲ?" ಅವಳ ಧ್ವನಿ ಒಂದಿಷ್ಟೂ ನಡುಗಲಿಲ್ಲ. "ನನ್ನ ಮಗ ಬಂದೇ ಬರ್ತಾನೆ. ಬಂದವನು, ಅಪ್ಪ ಆಡಿದ ಮಾತಿಗೆ ತಪ್ಪಿ ಕೂತಿರೋದನ್ನ ನೋಡಬಾರದು."

ಮೊದಲು ಹಾಲಿನವಳು ಕೈ ಇಳಿಸಿದಳು, ಆಮೇಲೆ ದರ್ಜಿ. ಮೇಷ್ಟ್ರು ಒಂದು ಗಳಿಗೆ ಯೋಚಿಸಿ ತಾವೂ ಇಳಿಸಿದರು.

"ಇದಕ್ಕೇ ನೋಡಿ ನಾನು ಬಯ್ತಿದ್ದದ್ದು!" ಮೀಸೆಮಾಮ ಕೂಗಿದ. "ಈಗ ಎತ್ತಿದ ಕೈ ಈಗಲೇ ಇಳಿಸ್ತೀರಲ್ಲ!"

"ತಪ್ಪು ಅನ್ನಿಸಿದ್ಮೇಲೂ ಎತ್ತೇ ಇಟ್ಕೊಂಡಿರೋಕೆ ನಾವೇನು ಆ ರಾಜನ ಕಡೆಯೋರಾ ಮಾಮ?" ಎಂದಳು ಹಾಲಿನವಳು.

ಈಗಲೇ ತೆಗೆಯಬೇಕು ಎನ್ನುವವರು ಕೈಯೆತ್ತಿದರು. ಕೊನೆಗೆ ಮೇಲೆದ್ದದ್ದು ಮೀಸೆಮಾಮನ ಕೈ. ತನ್ನ ಕುರ್ಚಿಯಲ್ಲಿ ತಾನೇ ಗಿರಾಕಿಯಾಗಿ ಅವನು ಕೂತ. ಊರಿನವರ ಗಂಟಲ ಮೇಲೆಲ್ಲ ಅಳುಕದೆ ಆಡಿದ್ದ ಕತ್ತಿಯನ್ನು ಈಗ ಕನ್ನಡಿ ನೋಡುತ್ತ ತನ್ನ ಮೀಸೆಗೇ ಹಚ್ಚಿದ. ಹೆಂಡತಿ ಬಂದು ಅವನ ಗಲ್ಲ ಹಿಡಿದುಕೊಂಡಳು. ಮೀಸೆ ಹೋದ ಜಾಗ ಬಿಸಿಲು ಕಾಣದೆ ಬೆಳ್ಳಗೆ, ಸಿಪ್ಪೆ ಸುಲಿದ ಆಲೂಗಡ್ಡೆಯಂತೆ ಹೊಳೆಯಿತು. ಅವಳಿಗೆ ನಗು ತಡೆಯಲಾಗಲಿಲ್ಲ. ಯುದ್ಧ ಶುರುವಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಆಮೇಲೆ ಎಲ್ಲರೂ ನಕ್ಕರು. ಮೇಷ್ಟ್ರ ಬಲಗೆನ್ನೆಯ ನೊರೆ ಒಣಗಿ ಉದುರಿತು.

ರೈಲುಗಳು ಸೈನಿಕರನ್ನು ತಂದಿಳಿಸತೊಡಗಿದವು. ಬೇರೆ ಬೀದಿಗಳಲ್ಲಿ ಮರಳಿದ ಮಕ್ಕಳಿಗೆ ಬಾಗಿಲುಗಳು ತೆರೆದವು. ಮೀಸೆಮಾಮ ಪ್ರತಿ ರೈಲಿನ ಕೂಗಿಗೂ ಕತ್ತರಿ ನಿಲ್ಲಿಸುತ್ತಿದ್ದ, ಗಿರಾಕಿಗಳು ಅರ್ಧ ಕತ್ತರಿಸಿದ ತಲೆಯಲ್ಲೇ ಕಾಯುತ್ತಿದ್ದರು.

ಒಂದು ಮಧ್ಯಾಹ್ನ ಅವನು ನೆಲದ ಕೂದಲು ಗುಡಿಸುತ್ತಿದ್ದಾಗ ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ನಿಂತರು. ಎದೆಯವರೆಗೆ ಗಡ್ಡ, ಬೆನ್ನಿಗೆ ಗಂಟು, ಮೈಯೆಲ್ಲ ಧೂಳು. ಆ ಸೈನಿಕ ಒಳಗಿದ್ದವನ ಮುಖವನ್ನೇ ಗಾಬರಿಯಿಂದ ನೋಡಿದ.

"ಅಪ್ಪಾ? ಮೀಸೆ ಏನಾಯ್ತು?"

ಪೊರಕೆ ಕೈಜಾರಿತು. ಮೀಸೆಮಾಮ ಎರಡೂ ಕೈಯಲ್ಲಿ ಆ ಗಡ್ಡದ ಮುಖವನ್ನು ಹಿಡಿದುಕೊಂಡ.

"ಸೋತೆ ಕಣೋ," ಎಂದ. ಅಳುತ್ತ, ನಗುತ್ತ, ಒಳಮನೆಯ ಕಡೆ ತಿರುಗಿ ಬೀದಿಗೆಲ್ಲ ಕೇಳುವಂತೆ ಕೂಗಿದ. "ಲೇ, ಬಾರೇ ಇಲ್ಲಿ, ನಾನು ಸೋತುಹೋದೆ ಕಣೇ!"

ಒಳಗೆ ಯಾವುದೋ ಪಾತ್ರೆ ಬಿದ್ದು, ಉರುಳುತ್ತ ಉರುಳುತ್ತ ಬಹಳ ದೂರ ಹೋಯಿತು.