ಗೋಡು ಜೀಪಿಗೆ ರೋಡ್ ಟೈರ್

ಕಡಬದ ಕೆರೆ ಏರಿಯ ಮೇಲೆ ನಾಗಭೂಷಣನ ಜೀಪು ಬರುತ್ತಿದೆ ಅನ್ನುವುದು ಎಲ್ಲರಿಗಿಂತ ಮೊದಲು ಊರಿನ ನಾಯಿಗಳಿಗೆ ಗೊತ್ತಾಗುತ್ತಿತ್ತು. ಆಮೇಲೆ ಮಕ್ಕಳಿಗೆ. ಜೀಪು ಕಣ್ಣಿಗೆ ಬೀಳುವ ಮುಂಚೆಯೇ ಗುಂಯ್ ಅನ್ನುವ ಸದ್ದು ಬೀದಿಗೆ ಬಂದುಬಿಡುತ್ತಿತ್ತು. ಆ ಸದ್ದು ಕೇಳಿಸದೇ ಇದ್ದವರು ಊರಿನಲ್ಲಿ ಒಬ್ಬರೇ. ಅವರು ನಾಗಭೂಷಣನ ತಾಯಿ ರಂಗಲಕ್ಷ್ಮಮ್ಮ. ಎಂಟು ವರ್ಷದಿಂದ ಅವರಿಗೆ ಕಿವಿ ಮಂದವಾಗಿತ್ತು.

ಹೋದ ತಿಂಗಳು ತುಮಕೂರಿನ ಕಿವಿ ಡಾಕ್ಟರು ಎರಡೂ ಕಿವಿಗೆ ಪುಟಾಣಿ ಮಿಷನ್ ಹಾಕಿದರು. ಅವತ್ತಿನಿಂದ ರಂಗಲಕ್ಷ್ಮಮ್ಮನಿಗೆ ಹಬ್ಬವೋ ಹಬ್ಬ. ಒಗ್ಗರಣೆಯ ಸಾಸಿವೆ ಸಿಡಿದರೆ ಒಲೆಯ ಮುಂದೆ ನಿಂತು ನಗುತ್ತಿದ್ದರು. ತೋಟದಲ್ಲಿ ಗರಿ ಬಿದ್ದರೆ "ಕೇಳಿಸ್ತು, ಕೇಳಿಸ್ತು!" ಎಂದು ಕೂಗುತ್ತಿದ್ದರು. ಸೊಸೆ ಮಂಗಳಗೌರಿಯ ಕೈ ಹಿಡಿದು, "ನಿನ್ನ ಬಳೆ ಇಷ್ಟೊಂದು ಸದ್ದು ಮಾಡ್ತವೇನೇ? ಇಷ್ಟು ವರ್ಷ ನಂಗೆ ಗೊತ್ತೇ ಇರ್ಲಿಲ್ಲ ಕಣೇ" ಎಂದಾಗ ಮಂಗಳಗೌರಿಗೆ ಕಣ್ಣು ತುಂಬಿ ಬಂತು.

ಎಲ್ಲಾ ಕೇಳಿಸುತ್ತಿತ್ತು, ಮಗನ ಮಾತೊಂದು ಬಿಟ್ಟು. ನಾಗಭೂಷಣ ತುಮಕೂರಿನ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಬೆಳಗ್ಗೆ ಆರಕ್ಕೆ ಜೀಪು ಹತ್ತಿದರೆ ಸಂಜೆ ಬಂದು ಉಂಡು ಮಲಗುವುದಷ್ಟೇ. ತಾಯಿಗೆ ಅವನು ಸಿಗುತ್ತಿದ್ದದ್ದು ರಜೆಯ ಸೋಮವಾರ, ಜೀಪಿನಲ್ಲಿ. ಮಿಷನ್ ಸರಿಮಾಡಿಸಲು ಇಬ್ಬರೂ ವಾರಕ್ಕೊಮ್ಮೆ ಗುಬ್ಬಿ ಮೇಲೆ ತುಮಕೂರಿಗೆ ಹೋಗುತ್ತಿದ್ದರು. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ. ಆ ಎರಡು ಗಂಟೆ ಮಗ ನನ್ನವನು ಎಂದು ರಂಗಲಕ್ಷ್ಮಮ್ಮ ಭಾನುವಾರದಿಂದಲೇ ಸಡಗರ ಪಡುತ್ತಿದ್ದರು.

ಆದರೆ ಜೀಪು ಹೊರಟಿತೋ ಇಲ್ಲವೋ, ಕಿವಿಯೊಳಗೆ ಹಿಟ್ಟಿನ ಗಿರಣಿ ಶುರು. ಮಿಷನ್ ಮಾತನ್ನೂ ದೊಡ್ಡದು ಮಾಡುತ್ತದೆ, ಸದ್ದನ್ನೂ ದೊಡ್ಡದು ಮಾಡುತ್ತದೆ. ಮಗನ ಬಾಯಿ ಆಡುವುದು ಕಾಣುತ್ತಿತ್ತು, ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಗುಬ್ಬಿ ಬರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಎರಡೂ ಮಿಷನ್ ಬಿಚ್ಚಿ ಡಬ್ಬಿಗೆ ಹಾಕಿ ಸುಮ್ಮನೆ ಕೂರುತ್ತಿದ್ದರು.

ನಾಲ್ಕನೇ ಸೋಮವಾರ ಡಾಕ್ಟರ ಮುಂದೆ ಆ ಡಬ್ಬಿಯನ್ನೇ ಇಟ್ಟುಬಿಟ್ಟರು.

"ನಂಗೆ ಈ ಮಿಷನ್ ಬ್ಯಾಡ ಕಣವ್ವ. ನೀನೇ ಮಡಿಕ್ಕೊ."

ಡಾಕ್ಟರಮ್ಮ ಗಾಬರಿಯಾದರು. "ಅಜ್ಜಿ, ಶುಕ್ರವಾರ ಕುಣಿಗಲ್‌ನಲ್ಲಿ ಮರಿಮಗಳ ತೊಟ್ಟಿಲು ಶಾಸ್ತ್ರ, ನಾನೇ ಹಾಡ್ಬೇಕು ಅಂತಿದ್ರಲ್ಲ?"

ಹೌದು, ಅದೇ ಇದ್ದದ್ದು ಸಂಕಟ. ಕುಣಿಗಲ್‌ನಲ್ಲಿರುವ ಮಗಳು ಹೊಂಬಾಳಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲ ಹಾಡು ಮುತ್ತಜ್ಜಿಯದು. ಕಿವಿ ಹೋದಮೇಲೆ ರಂಗಲಕ್ಷ್ಮಮ್ಮ ಹಾಡುವುದನ್ನೇ ಬಿಟ್ಟಿದ್ದರು. ಜೊತೆಯವರ ದನಿ ಕೇಳದೆ ಹಾಡು ಒಂದು ಕಡೆ, ತಾವೊಂದು ಕಡೆ ಆಗಿ, ಒಮ್ಮೆ ಮದುವೆ ಮನೆಯಲ್ಲಿ ಯಾರೋ ನಕ್ಕಿದ್ದರು. ಮಿಷನ್ ಬಂದಮೇಲೆ ಮತ್ತೆ ಆಸೆ ಚಿಗುರಿತ್ತು. ಈಗ ಅದೂ ಡಬ್ಬಿ ಸೇರುವ ಹಾಗಿತ್ತು.

"ಮಿಷನ್ನೇ ಸರಿ ಇಲ್ಲ ಅನ್ಸುತ್ತೆ ಮೇಡಂ," ಎಂದ ನಾಗಭೂಷಣ.

ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಮಿಷನ್ ಚೆನ್ನಾಗಿಯೇ ಇತ್ತು. ಅಜ್ಜಿಯ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಕೇಳಿದರು, "ಎಲ್ಲಿ ಜಾಸ್ತಿ ತೊಂದರೆ ಆಗುತ್ತೆ ಅಜ್ಜಿ?"

"ಜೀಪಲ್ಲಿ. ಮನೇಲಿ ಏನೂ ಇಲ್ಲ."

"ಹಾಗಾದ್ರೆ ರಿಪೇರಿ ಆಗ್ಬೇಕಾಗಿರೋದು ಜೀಪು," ಎಂದು ಡಾಕ್ಟರಮ್ಮ ಡಬ್ಬಿಯನ್ನು ವಾಪಸ್ ಅಜ್ಜಿಯ ಕೈಗಿಟ್ಟರು.

ನಾಗಭೂಷಣನಿಗೆ ಮುಖ ಸಣ್ಣದಾಯಿತು. ಜೀಪೆಂದರೆ ಅವನಿಗೆ ಪ್ರಾಣ. ಹೊರಗೆ ಬಂದು ಜೀಪು ಹತ್ತಿದ ಮೇಲೆ, "ಬೇರಿಂಗ್ ಹೋಗಿರ್ಬೇಕು ಅಂತ ಗುಬ್ಬೀಲಿ ಎರಡು ಸಲ ಬದಲಾಯಿಸ್ದೆ. ಫೋರ್ ವೀಲ್ ಗಾಡಿ ಅಂದ್ಮೇಲೆ ಇಷ್ಟು ಸದ್ದು ಇರ್ತದೆ ಬುಡು ಅವ್ವ," ಎಂದು ಕೈಸನ್ನೆ ಮಾಡಿ ಹೇಳಿದ.

ಅವತ್ತು ಜೊತೆಗೆ ಬಂದು ಹಿಂದಿನ ಸೀಟಿನಲ್ಲಿದ್ದ ಮಂಗಳಗೌರಿ ಸುಮ್ಮನಿರುವವಳಲ್ಲ. "ಇಲ್ಲೇ ತುಮಕೂರಿನ ಗುಬ್ಬಿ ಗೇಟ್ ಹತ್ರ ನಮ್ಮ ಸಂಘದ ಪರಿಚಯದ ಹುಡುಗಿ ಪಲ್ಲವಿ ಟೈರ್ ಅಂಗಡಿ ಇಟ್ಟವ್ಳೆ. ಹೋಗೋ ದಾರೀಲೇ ಐತೆ. ನಿಲ್ಸಿ, ಕೇಳಿದ್ರೆ ಗಂಟು ಹೋಗ್ತದಾ?" ಎಂದಳು.

ಪಲ್ಲವಿ ಜೀಪಿನ ಸುತ್ತ ಒಂದು ಸುತ್ತು ಬಂದಳು. ಟೈರಿನ ಮೇಲೆ ಕೈಯಾಡಿಸಿದಳು. ಮುಷ್ಟಿ ಗಾತ್ರದ ರಬ್ಬರ್ ಉಬ್ಬುಗಳು, ನಡುವೆ ಎರಡು ಬೆರಳು ತೂರುವಷ್ಟು ಸಂದು.

"ಅಣ್ಣ, ಸದ್ದು ಎಲ್ಲಾ ರಸ್ತೇಲೂ ಒಂದೇ ಥರ ಇರುತ್ತಾ?"

"ಇಲ್ಲ. ನುಣುಪಾದ ಹೊಸ ರಸ್ತೇಲಿ ಒಂದು ಥರ, ತರಿತರಿ ರಸ್ತೇಲಿ ಒಂದು ಥರ."

"ರಸ್ತೆ ಬದಲಾದ ಹಾಗೆ ಸದ್ದು ಬದಲಾದ್ರೆ ಮೊದಲು ಟೈರ್ ಮೇಲೇ ಅನುಮಾನ ಪಡ್ಬೇಕು. ಇದು ಮಡ್ ಟೈರ್. ಕೆಸರನ್ನ ಬಾಚಿ ಎಸೆಯೋಕೆ ಮಾಡಿರೋದು. ಟಾರ್ ರಸ್ತೇಲಿ ಬಾಚೋಕೆ ಏನಿದೆ? ಒಂದೊಂದು ಉಬ್ಬೂ ಟಾರಿಗೆ ಬಡಿಯುತ್ತೆ, ಸಂದಿನಲ್ಲಿ ಸಿಕ್ಕಿದ ಗಾಳಿ ಊದುತ್ತೆ. ಅದೇ ನಿಮ್ಮ ಗುಂಯ್."

ನಾಗಭೂಷಣ ತಲೆಯಾಡಿಸಲಿಲ್ಲ. "ನಂಗೆ ಈ ಟೈರ್ ಬೇಕೇ ಬೇಕು ಕಣಮ್ಮ. ನಮ್ದು ಕೆರೆ ಪಕ್ಕದ ತೋಟ."

ಅದರ ಹಿಂದೊಂದು ಕಥೆಯಿತ್ತು. ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ ಕೆರೆ ಒಣಗಿದಾಗ, ಎಲ್ಲರಂತೆ ಅವನೂ ಕೆರೆಯ ಗೋಡು, ಅಂದರೆ ತಳದ ಹೂಳುಮಣ್ಣು, ಹೊಡೆಸಿ ತೆಂಗಿನ ಬುಡಕ್ಕೆ ಹಾಕಿಸುತ್ತಿದ್ದ. ನಡುವೆ ಒಂದು ಮಳೆ ಬಂತು. ನೋಡಲು ಹೋದ ಜೀಪು ಆ ಗೋಡಿನಲ್ಲಿ ಸೊಂಟದ ತನಕ ಹೂತಿತು. ಅರ್ಧ ಊರು ಏರಿಯ ಮೇಲೆ ನಿಂತು ನೋಡಿತು. ಟ್ರ್ಯಾಕ್ಟರ್ ಬಂದು ಎಳೆಯಬೇಕಾಯಿತು. "ಫೋರ್ ವೀಲ್ ಗಾಡಿಯಂತೆ!" ಎಂದು ಯಾರೋ ನಕ್ಕರು, ಜೀಪಿಗೆ ಗೋಡು ಜೀಪು ಎಂಬ ಹೆಸರೇ ಬಿತ್ತು. ಮುಂದಿನ ವಾರವೇ ನಾಗಭೂಷಣ ಅಂಗಡಿಯಲ್ಲಿದ್ದ ಅತಿ ದಪ್ಪ ಹಲ್ಲಿನ ಟೈರು ಹಾಕಿಸಿಕೊಂಡು ಬಂದಿದ್ದ.

ಪಲ್ಲವಿ ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅವತ್ತು ಫೋರ್ ವೀಲ್ ಲಿವರ್ ಹಾಕಿದ್ರಾ ಅಣ್ಣ?"

"ಯಾವ ಲಿವರ್ರು?"

"ಗೇರ್ ಪಕ್ಕದ ಚಿಕ್ಕ ಲಿವರ್."

ನಾಗಭೂಷಣ ಬಗ್ಗಿ ನೋಡಿದ. ಆ ಲಿವರಿಗೆ ಮಂಗಳಗೌರಿ ಕೈಚೀಲ ನೇತುಹಾಕಿದ್ದಳು. "ಫೋರ್ ವೀಲ್ ಅಂದ್ರೆ ಅದು ಯಾವಾಗ್ಲೂ ನಾಲ್ಕು ಚಕ್ರದಲ್ಲೂ ಎಳೀತದೆ ಅಂದ್ಕೊಂಡಿದ್ದೆ," ಎಂದ.

ಮಂಗಳಗೌರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪಲ್ಲವಿ ಮಾತ್ರ ನಗಲಿಲ್ಲ. "ಬಹಳ ಜನಕ್ಕೆ ಗೊತ್ತಿರಲ್ಲ ಬಿಡಿ. ನಿಮ್ಮ ಥರದ ಗಾಡೀಲಿ ಆ ಲಿವರ್ ಹಾಕಿದ್ರೆ ಮಾತ್ರ ಮುಂದಿನ ಚಕ್ರಕ್ಕೂ ಶಕ್ತಿ ಹೋಗೋದು. ಕೆಸರಲ್ಲಿ ಹಾಕಿ, ಒಣಗಿದ ಟಾರ್ ರಸ್ತೆಗೆ ಬಂದ್ಮೇಲೆ ತೆಗೀರಿ. ಅವತ್ತು ತಪ್ಪಿದ್ದು ಲಿವರ್, ಟೈರ್ ಅಲ್ಲ. ಸರಿ, ವರ್ಷಕ್ಕೆ ಎಷ್ಟು ದಿನ ಕೆಸರಿಗೆ ಇಳಿಸ್ತೀರ?"

"ಬೇಕಾದಷ್ಟು ದಿನ ಇಳಿಸ್ತೀನಿ."

"ಎಲ್ಲಿ ಬೇಕಾದಷ್ಟು?" ಎಂದು ಮಂಗಳಗೌರಿ ಮೊಬೈಲು ತೆಗೆದಳು. ಅವರ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಗುರುತಿನ ಪಕ್ಕ ಎಲ್ಲವೂ ಇರುತ್ತದೆ. ಮಳೆ ಬಂದದ್ದು, ಕರೆಂಟು ಹೋದದ್ದು, ಜೀಪು ಕೆಸರು ಮೆತ್ತಿಕೊಂಡು ಬಂದದ್ದು. ಕೆಸರು ಒರೆಸುವವಳು ಅವಳೇ ಆದ್ದರಿಂದ ಅದನ್ನು ಬರೆಯಲು ಮರೆತವಳಲ್ಲ. ಹನ್ನೆರಡು ತಿಂಗಳ ಹಾಳೆಯ ಫೋಟೊ ತೋರಿಸಿ ಎಣಿಸಿದಳು. ಏಳು ದಿನ. ಬರೀ ಏಳು!

"ಏಳು ದಿನಕ್ಕೋಸ್ಕರ ಮುನ್ನೂರು ದಿನ ಅತ್ತೆ ತಲೆ ಸಿಡೀಬೇಕಾ?"

"ಸದ್ದೊಂದೇ ಅಲ್ಲ ಅಕ್ಕ," ಎಂದಳು ಪಲ್ಲವಿ. "ಇಷ್ಟು ಸಂದಿದ್ರೆ ಟಾರಿಗೆ ತಾಗೋ ರಬ್ಬರ್ ಕಮ್ಮಿ. ಒದ್ದೆ ರಸ್ತೇಲಿ ಬ್ರೇಕ್ ಹಾಕಿದ್ರೆ ಗಾಡಿ ಇನ್ನಷ್ಟು ಮುಂದೆ ಹೋಗಿ ನಿಲ್ಲುತ್ತೆ. ಡೀಸೆಲ್ಲೂ ಜಾಸ್ತಿ ಕುಡಿಯುತ್ತೆ. ಇದು ಕೆಟ್ಟ ಟೈರ್ ಅಲ್ಲ. ದಿನಾ ಕಲ್ಲು, ಕೆಸರಲ್ಲಿ ಓಡಾಡೋರಿಗೆ ಇದೇ ಸರಿ. ನಿಮ್ಮ ಕೆಲಸಕ್ಕೆ ಅಲ್ಲ ಅಷ್ಟೇ."

"ಮಾತಲ್ಲಿ ಹೇಳಿದ್ರೆ ನಾನು ನಂಬಲ್ಲ," ಎಂದ ನಾಗಭೂಷಣ. ಸೋತರೂ ಸೋತೆ ಅನ್ನುವ ಜಾತಿಯವನಲ್ಲ.

"ನಂಬಬೇಡಿ, ಹತ್ತಿ!" ಎಂದಳು ಪಲ್ಲವಿ. ಅಂಗಡಿಯ ಪಕ್ಕದಲ್ಲಿ ಅವಳದೇ ಜೀಪು ನಿಂತಿತ್ತು. ಅದೇ ಮಾದರಿ, ಅದೇ ಇಂಜಿನ್. ಟೈರು ಮಾತ್ರ ಬೇರೆ. ಉಬ್ಬುಗಳು ಸಣ್ಣವು, ಒಂದಕ್ಕೊಂದು ಒತ್ತಾಗಿ ಕೂತಿದ್ದವು, ನಡುವೆ ನೀರು ಹರಿದುಹೋಗಲು ಉದ್ದುದ್ದ ಗೆರೆ. ಅಂಗಡಿಯವರು ಇದನ್ನು ಎಚ್‌ಟಿ ಅನ್ನುತ್ತಾರೆ, ಅಂದರೆ ರೋಡ್ ಟೈರು. ಅಜ್ಜಿಯನ್ನು ಮುಂದೆ ಕೂರಿಸಿಕೊಂಡಳು, ಗಂಡ ಹೆಂಡತಿ ಹಿಂದೆ ಹತ್ತಿದರು. "ಮಿಷನ್ ಹಾಕ್ಕೊಳ್ಳಿ ಅಜ್ಜಿ," ಎಂದು ಕಿವಿ ಮುಟ್ಟಿ ತೋರಿಸಿದಳು.

ರಂಗಲಕ್ಷ್ಮಮ್ಮ ಅಳುಕುತ್ತಲೇ ಹಾಕಿಕೊಂಡರು. ಗಿರಣಿ ಈಗ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಎಂದು ಕಣ್ಣು ಮುಚ್ಚಿ ಕಾದರು. ಜೀಪು ರಿಂಗ್ ರೋಡಿಗೆ ಏರಿತು. ಇಂಜಿನ್ ಸದ್ದಿತ್ತು, ಗಾಳಿಯ ಸದ್ದಿತ್ತು. ಆ ಗುಂಯ್ ಮಾತ್ರ ಇರಲಿಲ್ಲ. ಅಷ್ಟರಲ್ಲಿ ಇನ್ನೇನೋ ಕೇಳಿಸಿತು. ಅವರು ಕಣ್ಣು ಬಿಟ್ಟರು.

"ಇದೇನವ್ವ ಇದು, ಟಿಕ್ ಟಿಕ್ ಅಂತೈತೆ?"

"ಇಂಡಿಕೇಟರ್ ಅಜ್ಜಿ. ಬಲಕ್ಕೆ ತಿರುಗ್ತೀನಿ ಅಂತ ದೀಪ ಹಾಕಿದೀನಿ."

"ನಮ್ಮ ಜೀಪಲ್ಲೂ ಐತಾ ಇದು?"

"ಐತೆ ಅವ್ವ!" ಎಂದು ಹಿಂದಿನಿಂದ ನಾಗಭೂಷಣ ಎಂಟು ವರ್ಷದ ಅಭ್ಯಾಸದಂತೆ ಗಂಟಲು ಹರಿಯುವ ಹಾಗೆ ಕೂಗಿದ.

ರಂಗಲಕ್ಷ್ಮಮ್ಮ ಬೆಚ್ಚಿಬಿದ್ದು ತಿರುಗಿದರು. "ಅದ್ಯಾಕ್ಲಾ ಹಂಗೆ ಕಿರುಚ್ತೀಯ? ನಂಗೇನು ಕಿವುಡಾ?"

ಮಂಗಳಗೌರಿ ಮೊದಲು ಕಿಸಕ್ಕೆಂದಳು. ಆಮೇಲೆ ನಾಲ್ವರೂ ನಕ್ಕ ನಗು ಜೀಪು ಅಂಗಡಿಗೆ ವಾಪಸ್ ಬಂದರೂ ನಿಂತಿರಲಿಲ್ಲ. ನಾಗಭೂಷಣ ಇಳಿದವನೇ, "ಇದೇ ಟೈರ್ ಹಾಕು ತಾಯಿ. ಇವತ್ತೇ ಹಾಕು!" ಎಂದ.

"ಅವಸರ ಬೇಡ," ಎಂದು ಪಲ್ಲವಿ ನಾಗಭೂಷಣನ ಜೀಪಿನ ಡ್ರೈವರ್ ಬಾಗಿಲು ತೆಗೆದು, ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಚೀಟಿ ತೋರಿಸಿದಳು. "ಕಂಪನಿ ಹೇಳಿರೋ ಅಳತೆ, ಎಷ್ಟು ಗಾಳಿ ಹಿಡಿಸ್ಬೇಕು, ಎಲ್ಲಾ ಇಲ್ಲಿದೆ. ಟೈರಿನ ಮೇಲೆ ಬರೆದಿರೋ ಭಾರ ಹೊರೋ ನಂಬರ್ ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಇರಬಾರದು. ಇನ್ನೊಂದು ಮಾತು, ಎರಡು ಹೊಸದು ಎರಡು ಹಳೇದು ಅಂತ ಬೆರೆಸಬೇಡಿ. ಫೋರ್ ವೀಲ್ ಗಾಡಿಗೆ ನಾಲ್ಕೂ ಒಂದೇ ಥರ ಇರ್ಬೇಕು, ಇಲ್ದಿದ್ರೆ ಲಿವರ್ ಹಾಕಿದಾಗ ಒಳಗಿನ ಗೇರಿಗೆ ಏಟು ಬೀಳುತ್ತೆ. ನಿಮ್ಮ ಅಳತೆ ಗುರುವಾರ ಬರುತ್ತೆ. ಬಂದಾಗ ಇಲ್ಲಿ ನೋಡಿ." ಅವಳು ಟೈರಿನ ಪಕ್ಕದಲ್ಲಿದ್ದ ನಾಲ್ಕು ಅಂಕಿ ಮುಟ್ಟಿದಳು. "ಮೊದಲೆರಡು ಎಷ್ಟನೇ ವಾರ, ಕೊನೆಯೆರಡು ಯಾವ ವರ್ಷ ತಯಾರಾಗಿದ್ದು ಅಂತ. ಹಳೇ ಮಾಲು ಕೊಟ್ರೆ ನನ್ನನ್ನೇ ಬೈಯಿರಿ."

ಗುರುವಾರ ಕೆಲಸ ಮುಗಿಸಿ ನಾಗಭೂಷಣ ನೇರ ಅಂಗಡಿಗೆ ಹೋದ. ನಾಲ್ಕೂ ಟೈರಿನ ಅಂಕಿ ತಾನೇ ಬಗ್ಗಿ ಓದಿದ. ಚಕ್ರಗಳು ನೇರ ಕೂರುವಂತೆ ಅಲೈನ್‌ಮೆಂಟ್ ಮಾಡಿಸಿದ. ಆ ಸಂಜೆ ಜೀಪು ಏರಿ ದಾಟಿ ಮನೆ ಮುಂದೆ ನಿಂತರೂ ನಾಯಿಗಳು ಏಳಲಿಲ್ಲ.

ನಾಗಭೂಷಣ ರಜೆ ಹಾಕಿದ್ದ ಶುಕ್ರವಾರ ಬೆಳಗ್ಗೆ ಮೂವರೂ ತುಮಕೂರು ದಾಟಿ ಕುಣಿಗಲ್ ರಸ್ತೆ ಹಿಡಿದಾಗ ತುಂತುರು ಮಳೆ. ಹೊಸ ಟೈರೆಂದು ಅವನು ನಿಧಾನವಾಗಿಯೇ ಓಡಿಸುತ್ತಿದ್ದ. ಇದ್ದಕ್ಕಿದ್ದಂತೆ ಮೇಕೆಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದ. ಜೀಪು ಆಚೀಚೆ ಜಾರದೆ ನಿಂತಿತು, ಮೇಕೆ ತನ್ನ ಪಾಡಿಗೆ ಹೋಯಿತು. ನಾಗಭೂಷಣ ಉಸಿರು ಬಿಟ್ಟು ಸ್ಟೀರಿಂಗ್ ತಟ್ಟಿದ.

ಮತ್ತೆ ಹೊರಟರು. ರಂಗಲಕ್ಷ್ಮಮ್ಮ ಹಾಡಬೇಕಾದ ಹಾಡನ್ನು ಮನಸ್ಸಿನಲ್ಲೇ ಹುಡುಕುತ್ತಿದ್ದರು. ಎಂಟು ವರ್ಷದ ಹಿಂದೆ ಬಿಟ್ಟದ್ದು, ಸಾಲು ಕೈಗೆ ಸಿಗುತ್ತಿರಲಿಲ್ಲ. ಆಗ ಸಣ್ಣಗೆ ಒಂದು ದನಿ ಕಿವಿಗೆ ಬಿತ್ತು. ರೇಡಿಯೊ ಇರಬೇಕು ಎಂದುಕೊಂಡರು. ಅಲ್ಲ. ಪಕ್ಕದಿಂದ ಬರುತ್ತಿತ್ತು. ಮಗ ರಸ್ತೆ ನೋಡುತ್ತಾ, ತನಗೇ ತಿಳಿಯದಂತೆ ಗುನುಗುತ್ತಿದ್ದ.

"ಕಡಬದ ಕೆರೆ ತುಂಬಿ ಕೋಡಿ ಹರಿದಾವೋ..."

ರಂಗಲಕ್ಷ್ಮಮ್ಮ ಮಗನ ಕಡೆ ತಿರುಗಿದರು. ಅದು ಯಾರಿಂದಲೂ ಕಲಿತ ಹಾಡಲ್ಲ. ಭೂಷಣ ಕೂಸಾಗಿದ್ದಾಗ, ಕೆರೆ ಕೋಡಿ ಬಿದ್ದ ವರ್ಷ, ಅವನನ್ನು ಮಲಗಿಸಲು ತಾವೇ ಕಟ್ಟಿದ್ದು. ಅವರು ಮರೆತಿದ್ದರು, ಅವನು ಮರೆತಿರಲಿಲ್ಲ. ಮುಂದಿನ ಸಾಲು ತಾನಾಗಿ ಬಾಯಿಗೆ ಬಂತು.

"ನಮ್ಮ ಭೂಸಣ್ಣ ಕಣ್ಣ ಮುಚ್ಚಿದನೋ..."

ನಾಗಭೂಷಣ ಜೀಪನ್ನು ಪಕ್ಕಕ್ಕೆ ನಿಲ್ಲಿಸಿಬಿಟ್ಟ. "ಅವ್ವ, ನಿಂಗೆ ಕೇಳಿಸ್ತಾ?"

"ದಿನಾ ಹಾಡ್ತೀಯೇನ್ಲಾ ಇದನ್ನ?"

"ಗಾಡಿ ಓಡಿಸುವಾಗ ಅದೇ ಬರ್ತದೆ."

"ಎರಡು ವರ್ಷ ಈ ಜೀಪಲ್ಲಿ ಕೂತಿದೀನಿ, ನಾನೂ ಇವತ್ತೇ ಕೇಳಿದ್ದು!" ಎಂದಳು ಹಿಂದಿನಿಂದ ಮಂಗಳಗೌರಿ.

ಕುಣಿಗಲ್ ತಲುಪುವವರೆಗೆ ಮೂವರೂ ಅದನ್ನೇ ಹಾಡಿದರು. ತೊಟ್ಟಿಲ ಮುಂದೆ ರಂಗಲಕ್ಷ್ಮಮ್ಮ ಅದನ್ನೇ ಎತ್ತಿಕೊಂಡರು. ಅವರು ಹೇಳಿಕೊಟ್ಟ ಸಾಲಿಗೆ ಹೆಂಗಸರೆಲ್ಲ ದನಿ ಸೇರಿಸಿದರು, ಒಬ್ಬೊಬ್ಬರ ದನಿಯೂ ಅವರಿಗೆ ಕೇಳಿಸಿತು. ಹಾಡು ಎಲ್ಲೂ ತಪ್ಪಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಫೋರ್ ವೀಲ್ ಗಾಡಿ ಇದ್ದರೆ ಇವತ್ತೇ ಕ್ಯಾಲೆಂಡರ್ ನೋಡಿ. ಕೆಸರಿನ ದಿನ ಎಷ್ಟು, ಟಾರಿನ ದಿನ ಎಷ್ಟು ಎಂದು ಎಣಿಸಿ. ಟಾರೇ ಜಾಸ್ತಿಯಾದರೆ ಒತ್ತು ಹಲ್ಲಿನ ರೋಡ್ ಟೈರು ಕೇಳಿ, ನಾಲ್ಕೂ ಒಂದೇ ಥರ, ಕಂಪನಿ ಹೇಳಿದ ಅಳತೆಯದು. ತಿಂಗಳಿಗೆರಡು ಸಲ, ಗಾಡಿ ಹೊರಡುವ ಮುಂಚೆ ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಆಗಾಗ ಟೈರುಗಳ ಜಾಗ ಬದಲಾಯಿಸಿ, ಒಂದೇ ಕಡೆ ಸವೆದ ಟೈರೂ ಸದ್ದು ಮಾಡುತ್ತದೆ. ಆಮೇಲೆ ಮನೆಯ ಹಿರಿಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಅವರು ನಿಮಗೆ ಏನು ಹೇಳಬೇಕೆಂದಿದ್ದಾರೋ, ಕೇಳಿಸಿಕೊಳ್ಳಿ.