ಎಡಗಡೆಯ ಎತ್ತು

ಕಾಲುವೆ ರಸ್ತೆಯ ಮಣ್ಣಿನಲ್ಲಿ ಕುದುರೆಯ ಗೊರಸಿನ ಗುರುತುಗಳು ಸ್ಪಷ್ಟವಾಗಿದ್ದವು. ಬೈಕಿನ ಹಾರ್ನ್ ಕೇಳಿದ ಜಾಗದಿಂದ ಅಪ್ಪ ಬಿದ್ದ ಜಾಗದವರೆಗೆ ನಡೆದು ಎಣಿಸಿದೆ. ನನ್ನ ಹೆಜ್ಜೆಯಲ್ಲಿ ನೂರಾ ಹನ್ನೆರಡು. ಗುರುತುಗಳು ರಸ್ತೆಯ ನಡುವೆ ಶುರುವಾಗಿ, ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿದು, ಕೊನೆಗೆ ಕಾಲುವೆಯ ಅಂಚಿನಿಂದ ಒಂದು ಗೇಣು ದೂರದಲ್ಲಿದ್ದವು. ಅಲ್ಲಿಂದ ಕೆಳಗೆ ಪಾಚಿ ಹಿಡಿದ ಕಾಂಕ್ರೀಟಿನ ಇಳಿಜಾರು, ಆಮೇಲೆ ನೀರು. ಹಿಡಿದುಕೊಳ್ಳಲು ಏನೂ ಇಲ್ಲ.

ಅಪ್ಪ ಬಲಕ್ಕೆ ಬಿದ್ದಿದ್ದ, ಕಬ್ಬಿನ ಒಣಗರಿ, ಅಂದರೆ ರವದಿಯ ರಾಶಿಯ ಮೇಲೆ. ಎಡಕ್ಕೆ ಬಿದ್ದಿದ್ದರೆ ಎಂಬುದನ್ನು ನಾನು ಯೋಚಿಸದೆ ಇರಲಾಗಲಿಲ್ಲ.

"ಏನೂ ಆಗಿಲ್ಲ ತಗೋ," ಎಂದ, ಅಂಗಿಯ ಮೇಲಿನ ರವದಿ ಕೊಡವಿಕೊಳ್ಳುತ್ತ. "ರವಿವಾರ ಇದರ ಮ್ಯಾಲೇ ಗಲಗಲಿಗೆ ಹೊಂಟೇನಿ."

ನಮ್ಮಪ್ಪ ಅಮಸಿದ್ದಪ್ಪ ನಲವತ್ತು ವರ್ಷದಿಂದ ಪ್ರತಿ ಚಳಿಗಾಲ ಕುರಿ ಹೊಡೆದುಕೊಂಡು ಗಲಗಲಿಯ ಹೊಳೆದಂಡೆಯ ಹೊಲಗಳಿಗೆ ಹೋಗುತ್ತಾನೆ. ಎರಡು ದಿನದ ದಾರಿ. ಈ ವರ್ಷ ಬಲ ಮಂಡಿ ಮಡಚುತ್ತಿಲ್ಲ, ನಡೆಯಲಾಗುವುದಿಲ್ಲ. ಅದಕ್ಕೇ ಬನಹಟ್ಟಿಯ ರಾಚಪ್ಪನಿಂದ ಸರ್ಜಾನನ್ನು ತಂದಿದ್ದ. ಕಂದು ಬಣ್ಣದ, ಎದೆ ಅಗಲವಾದ, ಗಾಡಿ ಓಟದ ಶರ್ಯತ್ತಿನಲ್ಲಿ ನಾಲ್ಕು ವರ್ಷ ಓಡಿದ ಕುದುರೆ.

"ಅವಂಗ ಮನ್ಯಾಗ ಕೂಡು ಅಂದ್ರ ಕಾಲುವಿಗೆ ಬೀಳೂದ ಛಲೋ ಅಂತಾನ," ಎಂದಳು ಅವ್ವ. "ನೀ ಸಾಯನ್ಸ್ ಓದಿದಾಕಿ, ಏನರ ಮಾಡು."

ನಾನು ಓದಿದ್ದು ರಸಾಯನಶಾಸ್ತ್ರ. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಬ್ಬಿನ ರಸ ಪರೀಕ್ಷಿಸುತ್ತೇನೆ. ಕುದುರೆಯ ಬಗ್ಗೆ ಗೊತ್ತಿದ್ದದ್ದು ಒಂದೇ: ಅದನ್ನು ಕಂಡರೆ ನನಗೆ ಹೆದರಿಕೆ. ರಾಚಪ್ಪನಿಗೆ ಫೋನ್ ಹಚ್ಚಿದೆ.

"ಕಾಕಾ, ಸರ್ಜಾನ್ನ ಹೆಂಗ ಓಡಿಸ್ತಿದ್ರಿ?"

"ಒಂದು ಎತ್ತು, ಒಂದು ಕುದುರಿ ಕಟ್ಟಿದ ಗಾಡಿ ತಂಗಿ. ಎಡಕ್ಕ ಎತ್ತು, ಬಲಕ್ಕ ಇವ. ಹಿಂದಿಂದ ಬೈಕಿನವ್ರು ಹಾರ್ನ್ ಹೊಡಕೋತ ಬರ್ತಾರ. ಲಗಾಮು ಜಗ್ಗಿ ಹಿಡದಷ್ಟೂ ಓಡತಾನ. ಹಂಗ ಕಲಿಸೇವಿ."

"ಮತ್ತ ತಿರುಗಿಸೂದು?"

ಅವನು ನಕ್ಕ. "ತಿರುಗೂದು ಎತ್ತಿನ ಕೆಲಸವಾ. ಇವ ಎತ್ತಿಗೆ ಭುಜ ಹಚ್ಚಿ ಓಡೂದು, ಅಷ್ಟ."

ಫೋನ್ ಇಟ್ಟ ಮೇಲೆ ಗುರುತುಗಳ ಅರ್ಥ ತಿಳಿಯಿತು. ಕುದುರೆ ಕಾಲುವೆಯತ್ತ ಓಡಿರಲಿಲ್ಲ. ಎಡಗಡೆ ಇಲ್ಲದ ಎತ್ತನ್ನು ಹುಡುಕುತ್ತ ವಾಲಿತ್ತು. ಅಪ್ಪ ನಿಲ್ಲಿಸಲೆಂದು ಜಗ್ಗಿದಷ್ಟೂ ಅದು ಓಡು ಎಂದೇ ತಿಳಿದಿತ್ತು. ಗಲಗಲಿಯ ದಾರಿಯಲ್ಲಿ ಮೊದಲ ಆರು ಕಿಲೋಮೀಟರ್ ಕಾಲುವೆ ಎಡಗಡೆಗೇ ಇದೆ.

ಆರು ದಿನ ಉಳಿದಿತ್ತು. ಪ್ರತಿದಿನ ಬೆಳಗ್ಗೆ ಕಾರ್ಖಾನೆಗೆ ಹೋಗುವ ಮೊದಲು, ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಸರ್ಜಾನ ಎಡಕ್ಕೆ ನಿಂತೆ, ಎತ್ತಿನ ಜಾಗದಲ್ಲಿ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಬೇಕು ಎಂಬುದು ಪ್ರಯೋಗಾಲಯದ ಅಭ್ಯಾಸ. ಮೊದಲು ನಡಿಗೆ. ಲಗಾಮಿನ ಎಡ ಹಗ್ಗ ಪೂರ್ತಿ ಸಡಿಲ, ಬಲ ಹಗ್ಗ ಮಾತ್ರ ಮೆಲ್ಲಗೆ ಎಳೆಯುವುದು. ಅದು ಮುಖ ಒಂದಿಷ್ಟು ಬಲಕ್ಕೆ ತಿರುಗಿಸಿದ ಕ್ಷಣ ಕೈ ಬಿಡುವುದು. ಮತ್ತೆ ಎಳೆಯುವುದು, ಬಿಡುವುದು. ದೊಡ್ಡ ಸುತ್ತು, ಆಮೇಲೆ ಸಣ್ಣ ಸುತ್ತು. ಸುತ್ತು ಸಣ್ಣದಾದಂತೆ ಓಡಲು ಜಾಗವಿಲ್ಲದೆ ತಾನೇ ನಿಲ್ಲುತ್ತಿತ್ತು. ಅದರ ಬಿಸಿ ಭುಜ ನನ್ನ ಭುಜಕ್ಕೆ ಒತ್ತಿದಾಗಲೆಲ್ಲ ಕಾಲ ಕೆಳಗಿನ ನೆಲ ಎಷ್ಟಿದೆ ಎಂದು ನೋಡಿಕೊಳ್ಳುತ್ತಿದ್ದೆ.

ಮೂರನೆಯ ದಿನ ಅಣ್ಣ ಪರಮೇಶ ಬೈಕ್ ತಂದ. ಹೊಲದ ಆ ತುದಿಯಿಂದ ಹಾರ್ನ್. ಸರ್ಜಾ ಕಿವಿ ಹಿಂದೆ ಮಾಡಿತು, ಆದರೆ ಸುತ್ತಿತು, ನಿಂತಿತು. ನಾಲ್ಕನೆಯ ದಿನ ಬೈಕನ್ನು ಅರ್ಧ ಹೊಲ ಹತ್ತಿರ ತಂದೆವು. ಈ ಸಲ ಅದು ಹಗ್ಗ ಬಿಡದ ನನ್ನನ್ನು ಕೆಡವಿ ಹತ್ತು ಮಾರು ಎಳೆದೊಯ್ದಿತು. ಕಬ್ಬಿನ ಕೂಳೆಗಳು ಮೊಣಕೈ ತರಚಿದ್ದವು.

ಪರಮೇಶ ಓಡಿ ಬಂದು ಎಬ್ಬಿಸಿದ. "ಸಾಕು ಬಿಡಬೇ. ಅಪ್ಪನ್ನ ಟೆಂಪೋದಾಗ ಕಳಸೂಣು."

"ಟೆಂಪೋದಾಗ ಕುಂತು ಕುರಿ ಕಾಯ್ತಾನೇನು?"

"ಅವಾ? ಟೆಂಪೋನೂ ಕುರಿ ಜೋಡಿ ಮೇಯಾಕ ಬಿಡತಾನ."

ನಗು ಬರಲಿಲ್ಲ. ಕೈ ನೋಡಿಕೊಂಡೆ. ಅಂಗೈಯಲ್ಲಿ ಹಗ್ಗದ ಗುರುತು ಎರಡಿದ್ದವು. ಎಡ ಹಗ್ಗದ್ದೂ ಇತ್ತು. ಹಾರ್ನ್ ಆಗುವ ಮೊದಲೇ, ಆಗುತ್ತದೆ ಎಂದು ಗೊತ್ತಿದ್ದರಿಂದಲೇ, ನಾನು ಎರಡನ್ನೂ ಬಿಗಿಹಿಡಿದಿದ್ದೆ. ಕುದುರೆ ಓಡಿದ್ದು ಹಾರ್ನಿಗಲ್ಲ, ನನ್ನ ಮುಷ್ಟಿಗೆ. ಹೆದರಬಾರದು ಎಂದುಕೊಂಡರೆ ಹೆದರಿಕೆ ಹೋಗುವುದಿಲ್ಲ. ಹೆದರಿಕೊಂಡೇ ಬೆರಳು ಬಿಚ್ಚುವುದನ್ನು ಕಲಿಯಬೇಕಿತ್ತು.

ಕೊನೆಯ ಎರಡು ದಿನ ಅಪ್ಪನನ್ನು ಕುದುರೆಯ ಮೇಲೆ ಕೂರಿಸಿ ಅದನ್ನೇ ಕಲಿಸಿದೆ. "ಹಾರ್ನ್ ಆದ್ರ ಕೈ ಬಿಚ್ಚು. ಆಮ್ಯಾಲ ಬಲಕ್ಕ ಒಂದ ಹಗ್ಗ."

"ಓಡೂ ಕುದುರಿಗೆ ಲಗಾಮು ಬಿಡು ಅಂತಿ. ಯಾರ ಹೇಳ್ಯಾರ ನಿನಗ?"

"ಕುದುರಿನ ಹೇಳೇತಿ."

ಹೊಲದಲ್ಲಿ ಅಪ್ಪನಿಗೆ ಎಂಟು ಸಲಕ್ಕೆ ಆರು ಸಲ ಬಂತು. ಆ ಎರಡು ಸಲ ನನ್ನ ತಲೆಯಿಂದ ಹೋಗಲಿಲ್ಲ.

ರವಿವಾರ ಬೆಳಗ್ಗೆ ಪರಮೇಶ ಕುರಿಗಳೊಂದಿಗೆ ಮುಂದೆ ಹೊರಟ. ಹಿಂದೆ ಸರ್ಜಾನ ಮೇಲೆ ಅಪ್ಪ. ಕುದುರೆಗೂ ಕಾಲುವೆಗೂ ನಡುವೆ ನಾನು. ಎಡಗಾಲಿನಿಂದ ಅಂಚಿಗೆ ಎರಡು ಗೇಣು. ನೀರಿನ ಸದ್ದೇ ಇರಲಿಲ್ಲ. ಸೇತುವೆ ದಾಟಿದರೆ ಕಾಲುವೆ ಮುಗಿಯುತ್ತದೆ.

ನಾಲ್ಕು ಕಿಲೋಮೀಟರ್ ಏನೂ ಆಗಲಿಲ್ಲ. ಆಮೇಲೆ ಹಿಂದಿನಿಂದ ಬೈಕೊಂದು ಬಂತು, ಬಿಡದೆ ಹಾರ್ನ್ ಹೊಡೆಯುತ್ತ.

ಅಪ್ಪನ ಎರಡೂ ಮುಷ್ಟಿ ಬಿಗಿಯಾದವು. ಸರ್ಜಾನ ಭುಜ ನನ್ನ ಮೇಲೆ ಬಿತ್ತು. ಒಂದು ಹೆಜ್ಜೆ ಸರಿದೆ. ಚಪ್ಪಲಿಯ ಕೆಳಗೆ ಕಾಂಕ್ರೀಟ್ ಸಿಕ್ಕಿತು.

"ಬಿಡಪ್ಪಾ," ಎಂದೆ. "ನಾ ಬೀಳತೇನಿ. ಕೈ ಬಿಡು."

ಅವನು ಕೆಳಗೆ ನೋಡಿದ. ನನ್ನ ಕಾಲು ಎಲ್ಲಿದೆ ಎಂದು ಕಂಡಿರಬೇಕು. ಬೆರಳುಗಳು ಒಂದೊಂದಾಗಿ ಬಿಚ್ಚಿದವು. ಭುಜದ ಭಾರ ನನ್ನಿಂದ ಇಳಿಯಿತು. ಬಲ ಹಗ್ಗ ಮೆಲ್ಲಗೆ ಎಳೆದ, ಬಿಟ್ಟ, ಎಳೆದ. ಸರ್ಜಾ ರಸ್ತೆಯ ನಡುವೆ ಒಂದು ಸುತ್ತು ಸುತ್ತಿ ನಿಂತಿತು. ಬೈಕಿನವನು ಬೈದುಕೊಂಡು ಪಕ್ಕದಿಂದ ಹೋದ.

ಸರ್ಜಾನನ್ನು ಮತ್ತೆ ದಾರಿಗೆ ತಿರುಗಿಸಿದೆವು.

"ಅಂಜಿಕಿ ಬಂತು ರಂಜಿ," ಎಂದ ಅಪ್ಪ. ಆ ಮಾತು ಅವನ ಬಾಯಲ್ಲಿ ನಾನು ಮೊದಲು ಕೇಳಿರಲಿಲ್ಲ.

ಸೇತುವೆಯ ಬಳಿ ನಾನು ನಿಂತೆ. ಅವರು ಕಬ್ಬಿನ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ಕಾಲುವೆ ಇಲ್ಲದಿದ್ದರೇನು, ಮುಂದೆ ಲಾರಿಗಳಿದ್ದವು.

ಮರುದಿನ ಕಾರ್ಖಾನೆಯ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಎಂದಿನಂತೆ ಹಾರ್ನ್ ಹೊಡೆಯುತ್ತಿತ್ತು. ಪ್ರತಿ ಸಲವೂ ನನ್ನ ಬೆರಳುಗಳು ತಾವಾಗಿ ಬಿಚ್ಚುತ್ತಿದ್ದವು. ಸಂಜೆ ನಾಲ್ಕು ಗಂಟೆಗೆ ರಸ ತುಂಬಿದ್ದ ಫ್ಲಾಸ್ಕ್ ನೆಲಕ್ಕೆ ಬಿದ್ದು ಒಡೆಯಿತು. ಗಾಜು ಗುಡಿಸುವಾಗ ಪರಮೇಶನ ಫೋನ್ ಬಂತು. ಎತ್ತುವ ಮೊದಲು ಮೇಜನ್ನು ಹಿಡಿದುಕೊಂಡೆ.

"ಮುಟ್ಟಿದ್ವಿ. ದಾರ್‍ಯಾಗ ನಾಕ್ ಸಲ ಸುತ್ತಿ ನಿಂತಾನ. ತಡಿ, ಅಪ್ಪ ಮಾತಾಡತಾನಂತ."

ಅಪ್ಪನ ಉಸಿರು ಮೊದಲು ಕೇಳಿಸಿತು, ಆಮೇಲೆ ಮಾತು. "ಇವ ಇನ್ನೂ ಎಡಕ್ಕ ನೋಡಕೋತ ನಿಂತಾನವಾ. ನನ್ನ ಎತ್ತು ಎಲ್ಲಿ ಹೋತು ಅಂತ."

"ಡ್ಯೂಟಿಗೆ ಹೋಗೇತಿ ಅಂತ ಹೇಳು," ಎಂದೆ.

ಹೊರಗೆ ಮತ್ತೊಂದು ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. ಫೋನ್ ಹಿಡಿದ ಕೈ ಬಿಚ್ಚಿಕೊಂಡಿತು. ಬೀಳುವ ಫೋನನ್ನು ಇನ್ನೊಂದು ಕೈ ಕೆಳಗೆ ಒಡ್ಡಿ ಹಿಡಿದುಕೊಂಡೆ.