ಹದಿನಾಲ್ಕನೇ ಪುಟದ ತಪ್ಪು

ದೊಡ್ಡ ಮೇಷ್ಟ್ರಿಗೆ ಎಂಬತ್ತು ತುಂಬಿತೆಂದು ಅವರ ಶಿಷ್ಯರೆಲ್ಲ ಸೇರಿ ಮೂರು ದಿನದ ವಿಚಾರಸಂಕಿರಣ ಏರ್ಪಡಿಸಿದ್ದರು. ಭೌತಶಾಸ್ತ್ರದ ಕ್ವಾಂಟಮ್ ಕೇಯಾಸ್ ಎಂಬ ವಿಷಯದಲ್ಲಿ ಅವರ ಹೆಸರೆತ್ತದೆ ಯಾರೂ ಪಾಠ ಶುರುಮಾಡುವುದಿಲ್ಲ. ಬಾಗಿದ ಗೋಡೆಗಳ ಅಂಕಣದಲ್ಲಿ ಒಂದು ಚೆಂಡನ್ನು ಉರುಳಿಬಿಟ್ಟರೆ ಅದು ಎಲ್ಲಿ ಬಡಿದು ಎಲ್ಲಿಗೆ ಹೋಗುತ್ತದೆಂದು ಬಹಳ ಹೊತ್ತು ಮುಂಚಿತವಾಗಿ ಹೇಳಲಾಗದು. ಚೆಂಡಿನ ಜಾಗದಲ್ಲಿ ಅಲೆಯನ್ನಿಟ್ಟರೆ, ಶಕ್ತಿ ಏರಿದಂತೆಲ್ಲ ಅದು ಮೂಲೆಮೂಲೆಗೂ ಸಮನಾಗಿ ಹರಡಿಕೊಳ್ಳುತ್ತದೆ, ಇದಕ್ಕೆ ಒಂದೂ ಅಪವಾದವಿಲ್ಲ. ನಲವತ್ತು ವರ್ಷದ ಹಿಂದೆ ಮೇಷ್ಟ್ರು ಸಾಧಿಸಿ ತೋರಿಸಿದ್ದೇನೆ ಎಂದದ್ದು ಇದನ್ನೇ.

ಅಪವಾದವಿದೆ ಎಂದು ಒಬ್ಬ ಉಪನ್ಯಾಸಕಿಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು.

ಅವಳು ಒಂದು ಸಣ್ಣ ಕಾಲೇಜಿನಲ್ಲಿ ವಾರಕ್ಕೆ ಹದಿನೆಂಟು ಗಂಟೆ ಪಾಠ ಮಾಡುವವಳು. ಉತ್ತರಪತ್ರಿಕೆಗಳ ರಾಶಿಯ ನಡುವೆ ಬಿಡುವು ಕದ್ದು ಮೇಷ್ಟ್ರ ಪ್ರಬಂಧವನ್ನು ಸಾಲುಸಾಲಾಗಿ ಲೆಕ್ಕ ಮಾಡಿಕೊಂಡು ಹೋಗುತ್ತಿದ್ದಾಗ ಹದಿನಾಲ್ಕನೇ ಪುಟದಲ್ಲಿ ಸಿಕ್ಕಿಬಿದ್ದಿದ್ದಳು. ಅಲ್ಲಿ ಸಮೀಕರಣದ ಒಂದು ಪದವನ್ನು ಮೇಷ್ಟ್ರು ‘ನಗಣ್ಯ’ ಎಂದು ಕೈಬಿಟ್ಟಿದ್ದರು. ಅದು ನಗಣ್ಯವಾಗಿರಲಿಲ್ಲ. ಬಾಗಿದ ಗೋಡೆಗಳ ಜೊತೆ ಎರಡು ಗೋಡೆಗಳು ಎದುರುಬದುರು ನೇರವಾಗಿದ್ದರೆ ಕೆಲವು ಅಲೆಗಳು ಅವೆರಡರ ನಡುವೆಯೇ ಹೋಗಿಬಂದು ಮಾಡಿಕೊಂಡಿದ್ದು, ಮೂಲೆಗಳ ಕಡೆ ತಿರುಗಿಯೂ ನೋಡುವುದಿಲ್ಲ. ಅವಳು ಮೇಷ್ಟ್ರಿಗೆ ಮೂರು ಸಲ ಬರೆದಳು. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಒಂದೇ ಸಾಲು ಬಂತು: ‘ನನ್ನ ಪುಸ್ತಕದ ನಾಲ್ಕನೇ ಅಧ್ಯಾಯವನ್ನು ಗಮನವಿಟ್ಟು ಓದಿ.’ ಓದಿ ಓದಿ ಆ ಅಧ್ಯಾಯದ ಹಾಳೆಗಳೇ ಅವಳ ಪುಸ್ತಕದಿಂದ ಕಿತ್ತುಬಂದಿದ್ದವು. ಆಮೇಲೆ ಎರಡು ಸಂಶೋಧನಾ ಪತ್ರಿಕೆಗಳು ಅವಳ ಪ್ರಬಂಧವನ್ನು ವಾಪಸು ಕಳಿಸಿದವು. ಲೇಖಕಿಗೆ ಮೂಲ ಸಿದ್ಧಾಂತವೇ ಅರ್ಥವಾಗಿಲ್ಲವಂತೆ.

ಸಂಕಿರಣದಲ್ಲಿ ಮಾತಾಡಲು ಅರ್ಜಿ ಹಾಕಿದರೆ ಪೋಸ್ಟರ್ ಅಂಟಿಸಲು ಒಪ್ಪಿಗೆ ಸಿಕ್ಕಿತು. ಹೋಗಿ ನೋಡಿದರೆ ಅವಳ ಹಲಗೆ ಕಾರಿಡಾರಿನ ಕಟ್ಟಕಡೆಯಲ್ಲಿ, ಗಂಡಸರ ಶೌಚಾಲಯದ ಬಾಗಿಲಿಗೆ ಒತ್ತಿಕೊಂಡಿತ್ತು.

“ಬೇರೆ ಜಾಗ ಇಲ್ವಾ?” ಎಂದು ಸಂಚಾಲಕನನ್ನು ಕೇಳಿದಳು. ಅವನು ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯ, ಈಗ ಆ ಸಂಸ್ಥೆಯ ಮುಖ್ಯಸ್ಥ.

“ಒಳ್ಳೇ ಜಾಗ ಅಲ್ವಾ ಮೇಡಂ? ಒಂದಲ್ಲ ಒಂದು ಹೊತ್ತಲ್ಲಿ ಎಲ್ರೂ ಬರ್ಲೇಬೇಕು,” ಎಂದು ನಕ್ಕು, ಅವಳ ಪೋಸ್ಟರಿನ ಶೀರ್ಷಿಕೆಯ ಮೇಲೆ ಕಣ್ಣಾಡಿಸಿ ನಗು ನಿಲ್ಲಿಸಿದ. “ಇವತ್ತೇ ಇದು ಬೇಕಿತ್ತಾ? ಹಿರಿಯರ ಸಂತೋಷದ ದಿನ ಇದು.”

“ಲೆಕ್ಕಕ್ಕೆ ಒಳ್ಳೇ ದಿನ, ಕೆಟ್ಟ ದಿನ ಅಂತ ಇರುತ್ತಾ ಸರ್?”

ಅವನು ಸಭಾಂಗಣದ ಕಡೆ ನಡೆದುಬಿಟ್ಟ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊರಗೆ ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನ್ ಮಾಡಿದಳು. ಹೊಲಿಗೆ ಅಂಗಡಿ ಇಟ್ಟಿದ್ದ ಅಕ್ಕನ ಹಿಂದೆ ಮೆಷಿನ್ನು ಗಡಗಡ ಸದ್ದು ಮಾಡುತ್ತಿತ್ತು.

“ಅಕ್ಕ, ವಾಪಸ್ ಬಂದ್ಬಿಡ್ಲಾ?”

“ಬಾಯ್ಮುಚ್ಕೊಂಡು ಅಲ್ಲೇ ನಿಂತ್ಕೋ. ಹನ್ನೊಂದು ವರ್ಷ ಊಟಕ್ಕೆ ಕೂತಾಗೆಲ್ಲ ಆ ಗೋಡೆ ಕಥೆ ಹೇಳಿ ನನ್ನ ತಲೆ ತಿಂದಿದೀಯ. ತಲೆ ಕೊಟ್ಟಿದ್ದಕ್ಕಾದ್ರೂ ಏನಾದ್ರೂ ಆಗ್ಲಿ.”

ಮಧ್ಯಾಹ್ನದವರೆಗೆ ಅವಳ ಪೋಸ್ಟರಿನ ಮುಂದೆ ಯಾರೂ ನಿಲ್ಲಲಿಲ್ಲ. ಬಂದವರು ಒದ್ದೆ ಕೈ ಒರೆಸಿಕೊಳ್ಳುತ್ತ ಮುಖ ತಿರುಗಿಸಿಕೊಂಡು ಹೋದರು. ಊಟದ ಹೊತ್ತಿಗೆ ಕೋಲೂರಿಕೊಂಡು ದೊಡ್ಡ ಮೇಷ್ಟ್ರೇ ಬಂದರು. ಒಳಗೆ ಹೋದರು, ಹೊರಗೆ ಬಂದರು, ನಿಂತರು. ಕನ್ನಡಕ ಹಣೆಗೇರಿಸಿ, ಹಲಗೆಗೆ ಮೂಗು ತಾಗುವಷ್ಟು ಬಗ್ಗಿ ಓದತೊಡಗಿದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕರೆಯಲು ಬಂದ ಸಂಚಾಲಕನಿಗೆ “ಸುಮ್ನಿರಯ್ಯ” ಎಂದರು. ಕೊನೆಗೆ ಆ ಪದದ ಮೇಲೆ ಬೆರಳಿಟ್ಟರು.

“ಇದನ್ನ ನಾನು ಬಿಟ್ಬಿಟ್ಟಿದ್ನಾ?”

“ಹೌದು. ಹದಿನಾಲ್ಕನೇ ಪುಟ, ಕೆಳಗಿಂದ ಐದನೇ ಸಾಲು.”

“ತಪ್ಪು,” ಎಂದರು ಮೇಷ್ಟ್ರು. ಮುಖ ಬಿಳಿಚಿಕೊಂಡಿತ್ತು. “ಶುದ್ಧ ತಪ್ಪು. ನೀನು ಹೇಳ್ತಿರೋದೇ ಸರಿ. ನನಗೆ ಮೊದ್ಲೇ ಒಂದು ಮಾತು ಬರೀಬಾರ್ದಿತ್ತೇನಮ್ಮ?”



“ಹನ್ನೊಂದು ವರ್ಷದ ಹಿಂದೇನೇ ಮೂರು ಸಲ ಬರ್ದಿದ್ದೆ. ನಾಲ್ಕನೇ ಅಧ್ಯಾಯ ಓದು ಅಂತ ಉತ್ತರ ಕೊಟ್ಟಿದ್ರಿ.”

“ನಾನಾ?” ಮೇಷ್ಟ್ರು ನಿಜವಾಗಿ ಯೋಚಿಸಿದರು. “ನೆನಪಿಲ್ವಲ್ಲಮ್ಮ. ದಿನಕ್ಕೆ ಎಷ್ಟೋ ಬರ್ತಿದ್ವು.”

ಸಂಚಾಲಕನ ನಗೆ ಅವಳಿಗೆ ಇಷ್ಟು ನೋವು ಕೊಟ್ಟಿರಲಿಲ್ಲ. ಇವರು ತನ್ನನ್ನು ದ್ವೇಷಿಸಿದ್ದರೆ, ಹೆದರಿ ಬಚ್ಚಿಟ್ಟಿದ್ದರೆ, ಅದಕ್ಕೊಂದು ತೂಕವಿರುತ್ತಿತ್ತು. ಎಷ್ಟು ದಿನ ನಿದ್ದೆಗೆಟ್ಟು, ತಾನೇ ಪೆದ್ದಿಯೇನೋ ಎಂದು ಕುಗ್ಗಿ, ಮತ್ತೆ ಮೊದಲಿನಿಂದ ಲೆಕ್ಕ ಮಾಡಿದ್ದಳು! ಇವರಿಗೆ ಅದು ನೆನಪೂ ಇಲ್ಲ.

“ನನಗೆ ನೆನಪಿದೆ,” ಎಂದಳು.

ಸಂಜೆ ಸನ್ಮಾನದ ಸಭೆ. ಮೇಷ್ಟ್ರ ಪ್ರಮೇಯವನ್ನು ಹೊಗಳಿ ಮೂರು ಭಾಷಣಗಳಾದವು. ಮೇಷ್ಟ್ರು ಎದ್ದು, ಬರೆದು ತಂದಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟರು.

“ಇಷ್ಟೊತ್ತು ನೀವು ಹೊಗಳಿದ ಪ್ರಮೇಯ ತಪ್ಪು,” ಎಂದರು. “ಶೌಚಾಲಯದ ಪಕ್ಕ ಒಂದು ಪೋಸ್ಟರ್ ಇದೆ. ಅದನ್ನ ಅಲ್ಲಿ ಯಾರು ಹಾಕ್ಸಿದ್ರು ಅಂತ ನಾನು ಕೇಳಲ್ಲ. ಅದನ್ನ ಬರೆದವಳು ಹನ್ನೊಂದು ವರ್ಷದ ಹಿಂದೆ ನನಗೆ ಹೇಳಿದ್ಲಂತೆ. ನಾನು ಕೇಳಿಸ್ಕೊಳ್ಳಲಿಲ್ಲ. ನಾಳೆ ಬೆಳಗ್ಗೆ ನನ್ನ ಉಪನ್ಯಾಸದ ಒಂದು ಗಂಟೆ ಅವಳದು.”

ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಅವಳು ಹಿಂದಿನ ಸಾಲಿನಲ್ಲಿ ಕುರ್ಚಿಯ ಕೈ ಹಿಡಿದು ಕೂತಿದ್ದಳು. ಚಪ್ಪಾಳೆ ಮೇಷ್ಟ್ರ ದೊಡ್ಡತನಕ್ಕೆ ಬೀಳುತ್ತಿತ್ತು, ತನ್ನ ಲೆಕ್ಕಕ್ಕಲ್ಲ. ತಪ್ಪು ಮಾಡಿಯೂ ಈ ಮನುಷ್ಯ ಎತ್ತರಕ್ಕೇ ಏರಿಬಿಟ್ಟರಲ್ಲ!

ಹೊರಗೆ ಸಂಚಾಲಕ ಓಡಿಬಂದ. “ನಮಗೂ ಒಳಗೊಳಗೇ ಅನುಮಾನ ಇತ್ತು ಮೇಡಂ. ಈಗ ಮೇಷ್ಟ್ರೂ ನೀವೂ ಸೇರಿ ಪ್ರಬಂಧ ಬರೆದ್ಬಿಡಿ. ಅವರ ಹೆಸರು ಮುಂದಿದ್ರೆ ಯಾವ ಪತ್ರಿಕೆನೂ ತಿರುಗಿಸಿ ಕಳಿಸಲ್ಲ.”

ಅವನ ಹಿಂದೆ ನಿಂತಿದ್ದ ಮೇಷ್ಟ್ರು ತಲೆಯಾಡಿಸಿದರು. “ಹಾಗಾದ್ರೆ ನಿನಗೇ ಅನುಕೂಲ ಅಮ್ಮ. ನನ್ನ ಹೆಸರು ಹಿಂದೆ ಇರ್ಲಿ, ನನಗೇನೂ ಬೇಜಾರಿಲ್ಲ.”

“ನೀವು ಈ ಲೆಕ್ಕದಲ್ಲಿ ಏನು ಮಾಡಿದೀರಿ ಸರ್?”

ಮೇಷ್ಟ್ರು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

“ತಪ್ಪು ಮಾಡಿದೀರಿ, ಒಪ್ಕೊಂಡ್ರಿ. ಒಪ್ಕೊಂಡಿದ್ದು ದೊಡ್ಡದೇ. ಆದರೆ ಅದಕ್ಕೆ ಪಾಲು ಕೊಡೋಕಾಗಲ್ಲ,” ಎಂದಳು. ಇಷ್ಟು ಗಟ್ಟಿಯಾಗಿ ಅವಳು ತರಗತಿಯಲ್ಲೂ ಮಾತಾಡಿರಲಿಲ್ಲ. ಕಾರಿಡಾರಿನವರೆಲ್ಲ ತಿರುಗಿ ನೋಡಿದರು. ಸಂಚಾಲಕ “ಇದೇನು ಮಾತು…” ಎಂದು ಶುರುಮಾಡಿದರೆ ಮೇಷ್ಟ್ರು ಕೋಲನ್ನು ನೆಲಕ್ಕೆ ಕುಟ್ಟಿ ಅವನನ್ನು ಸುಮ್ಮನಾಗಿಸಿದರು. “ಸರಿಯಾಗೇ ಕೇಳಿದಾಳೆ,” ಎಂದು ಗೊಣಗಿ, ನಿಧಾನಕ್ಕೆ ಹೊರಟುಹೋದರು.

ಮರುದಿನ ಬೆಳಗ್ಗೆ ಅವಳು ಕಪ್ಪುಹಲಗೆಯ ಮೇಲೆ ಮೊದಲ ಸಾಲಿನಿಂದ ಹಿಡಿದು ಎಲ್ಲವನ್ನೂ ಬರೆದಳು. ಸೀಮೆಸುಣ್ಣ ಎರಡು ಸಲ ಮುರಿಯಿತು. ಪ್ರಶ್ನೆಗಳು ಬಂದವು, ಎರಡು ಒಳ್ಳೆಯವೇ ಇದ್ದವು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು ಕೊನೆಯವರೆಗೂ ಟಿಪ್ಪಣಿ ಬರೆದುಕೊಂಡರು.

ಪ್ರಬಂಧ ಎಂಟು ತಿಂಗಳಿಗೆ ಅಚ್ಚಾಯಿತು, ಒಬ್ಬಳದೇ ಹೆಸರಿನಲ್ಲಿ. ಕಾಲೇಜಿನಲ್ಲಿ ಅವಳ ಪಾಠ ಒಂದು ಗಂಟೆಯೂ ಕಮ್ಮಿಯಾಗಲಿಲ್ಲ. ಅಕ್ಕ ಅಂಗಡಿಯಲ್ಲಿ ಬಂದವರಿಗೆಲ್ಲ ಆ ಪತ್ರಿಕೆ ತೋರಿಸಿ, ಅಳತೆ ತೆಗೆಯುವುದನ್ನು ಮರೆಯುತ್ತಿದ್ದಳು. ಹೋದಲ್ಲೆಲ್ಲ ಜನ ಇವಳನ್ನು ಕೇಳುತ್ತಿದ್ದದ್ದು ಒಂದೇ: “ಮೇಷ್ಟ್ರು ಎಂಥಾ ದೊಡ್ಡ ಮನುಷ್ಯ ಅಲ್ವಾ?”

“ಲೆಕ್ಕದಲ್ಲಿ ಪ್ರಾಮಾಣಿಕರು,” ಎನ್ನುತ್ತಿದ್ದಳು. ಅದಕ್ಕಿಂತ ಒಂದಕ್ಷರ ಹೆಚ್ಚು ಅವಳ ಬಾಯಿಂದ ಯಾರಿಗೂ ಹೊರಡಿಸಲಾಗಲಿಲ್ಲ.